ದುರ್ವಾಸನೆಗೆ ಸುಗಂಧ ಪರಿಹಾರವಲ್ಲ

ಕೊಳಚೆ ನೀರು ಶುದ್ಧೀಕರಣ ಘಟಕ ನಗರಕ್ಕೆ ಅನಿವಾರ್ಯ. ಅದರ ದುರ್ವಾಸನೆ ಅನಿವಾರ್ಯವಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಇಂತಹ ಘಟಕಗಳ ಲಾಭ ದೂರದೂರಿಗೂ ತಲುಪುವಾಗ ನಾತ ಮಾತ್ರ ನೆರೆಯವರ ಪಾಲಾಗುವುದು ಯಾವ ನ್ಯಾಯ?

ಆಮ್ಲಜನಕವಿಲ್ಲದೆ ಕೊಳೆಯುವ ಚರಂಡಿ ನೀರಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಈ ವಾಸನೆಯ ಮುಖ್ಯ ಮೂಲ. 10 ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 100 ಭಾಗವಾದರೆ ಮೂಗು ಮರಗಟ್ಟುತ್ತದೆ. ಕಾರ್ಮಿಕನಿಗೆ ಅಪಾಯದ ಅರಿವೇ ಆಗದು. ಹೀಗಿರುವಾಗ ವಾಸನೆಯನ್ನಷ್ಟೇ ಮರೆಮಾಚಿ ಅನಿಲವನ್ನು ಹಾಗೆಯೇ ಬಿಡುವ ಸುಗಂಧ ಸಿಂಪಡಣೆ ಪರಿಹಾರವಲ್ಲ, ವಂಚನೆ. ನೀರು ಒಳಬರುವ ತೊಟ್ಟಿಗಳನ್ನು ಮುಚ್ಚಬೇಕು, ಅಲ್ಲಿನ ಗಾಳಿಯನ್ನು ಹೀರಿ ಜೈವಿಕ ಶೋಧಕದ ಮೂಲಕ ಹಾಯಿಸಬೇಕು, ಕೆಸರನ್ನು ಕಾಲಕಾಲಕ್ಕೆ ಸಾಗಿಸಬೇಕು. ಟೆಂಡರ್‌ನಲ್ಲೇ ಇದು ಕಡ್ಡಾಯವಾಗಲಿ ಎಂದು ನಾವು ಆಗ್ರಹಿಸುತ್ತೇವೆ. ನೆರೆಯವರ ಹಕ್ಕನ್ನು ಕಸಿದು ಗಳಿಸಿದ ಶುಚಿತ್ವ ಶುಚಿತ್ವವಲ್ಲ.