ಲೆಕ್ಕ ಅವರದು, ಒಡಲು ಇವಳದು

ಚಾರ್ಮಾಡಿ ಘಾಟಿ ಇಳಿಯುವ ಮುನ್ನ ನೀರುದೋಸೆಗೆಂದು ಕೊಟ್ಟಿಗೆಹಾರದಲ್ಲಿ ನಿಂತರೆ, ಹೋಟೆಲ್ ಬೆಂಚಿನ ಹಿರಿಯರ ಬಾಯಲ್ಲಿ ಇಲ್ಲಿನ ಲೋಕಸಭಾ ಕ್ಷೇತ್ರದ 1978ರ ಉಪಚುನಾವಣೆಯ ಕತೆ ಇನ್ನೂ ಬಿಸಿಯಾಗಿಯೇ ಇದೆ. ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟು, ವೀರೇಂದ್ರ ಪಾಟೀಲರ ಎದುರು ಇಂದಿರಾ ಗಾಂಧಿಯವರ ಗೆಲುವು, ಎಲ್ಲವೂ ಬರುತ್ತದೆ. ಹಿಂದಿನ ವರ್ಷ ಉತ್ತರದಲ್ಲಿ ಅವರನ್ನು ಸೋಲಿಸಿದ್ದರಲ್ಲಿ ‘ಆಪರೇಷನ್’ ಸಿಟ್ಟಿನ ಪಾಲೂ ಇತ್ತೆಂಬುದು ಮಾತ್ರ ಬರುವುದಿಲ್ಲ.

ತುರ್ತು ಪರಿಸ್ಥಿತಿಯ 1976–77ರಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಸುಮಾರು 62 ಲಕ್ಷ ಗಂಡಸರವೇ. ಆ ಸಿಟ್ಟು ಮತಪೆಟ್ಟಿಗೆಗೆ ಬಿತ್ತು. ಹೊಸ ಸರ್ಕಾರ ‘ಕುಟುಂಬ ಯೋಜನೆ’ಯ ಹೆಸರನ್ನು ‘ಕುಟುಂಬ ಕಲ್ಯಾಣ’ ಎಂದು ಬದಲಿಸಿತು. ಒತ್ತಾಯ ತಪ್ಪು ಎಂಬುದು ಕಲಿಯಬೇಕಾದ ಪಾಠ. ಪಕ್ಷಗಳು ಕಲಿತದ್ದು ಗಂಡಸರ ತಂಟೆಗೆ ಹೋಗಬಾರದೆಂದು.

ಫಲ ಕಣ್ಣೆದುರಿಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಶೇ 57 ಮಂದಿಗೆ ಆಪರೇಷನ್ ಆಗಿದೆ. ಗಂಡಸರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಗಂಡಸರದು ಹೊಟ್ಟೆ ಕೊಯ್ಯದ, ಅಂದೇ ಮನೆಗೆ ಮರಳಬಹುದಾದ ಚಿಕಿತ್ಸೆ. ಆದರೂ ‘ಅವರು ಮಾಡಿಸಿಕೊಂಡರೆ ಮರಗಸಿಗೆ ಮರ ಹತ್ತೋ ಶಕ್ತಿ ಇರಲ್ಲ’ ಎಂಬ ಮಾತು ಕಾಫಿ ತೋಟದ ಲೈನ್ ಮನೆಗಳಲ್ಲಿ ಕೇಳುತ್ತದೆ. ಹೊಲಿಗೆ ಮಾಯುವ ಮೊದಲೇ ಹಣ್ಣು ಕುಯ್ಲಿಗೆ ಇಳಿಯುವವಳ ಶಕ್ತಿಯ ಬಗ್ಗೆ ಯಾರಿಗೂ ಚಿಂತೆಯಿಲ್ಲ.

1930ರಷ್ಟು ಹಿಂದೆಯೇ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದದ್ದು ನಮ್ಮದೇ ಮೈಸೂರು ಸಂಸ್ಥಾನ. ಆ ನಾಡಿನಲ್ಲೀಗ ಗಾಳಿ ತಿರುಗುತ್ತಿದೆ. ಅದೇ 2019–21ರ ಸಮೀಕ್ಷೆಯಲ್ಲಿ ರಾಜ್ಯದ ಮಹಿಳೆಗೆ ಸರಾಸರಿ 1.7 ಮಕ್ಕಳಿದ್ದರು. ಜನಸಂಖ್ಯೆಯ ಏರಿಕೆ ತಗ್ಗಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂದು 1976ರಲ್ಲಿ ಲೋಕಸಭಾ ಸೀಟುಗಳ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಲಾಯಿತು. 2024ರಲ್ಲಿ ನೆರೆಯ ಚಂದ್ರಬಾಬು ನಾಯ್ಡು ಮುಪ್ಪಾಗುತ್ತಿರುವ ಜನಸಂಖ್ಯೆಯ ಚಿಂತೆಗೆ, ಸ್ಟಾಲಿನ್ ಆ ಕಟ್ಟು ಬಿಚ್ಚುವ ಭಯಕ್ಕೆ ಹೆಚ್ಚು ಮಕ್ಕಳ ಮಾತೆತ್ತಿದರು.

ಅಂದು ‘ಸಾಕು’ ಎಂದವರೂ ಇಂದು ‘ಇನ್ನೂ ಬೇಕು’ ಎನ್ನುವವರೂ ಹೆರುವವಳನ್ನು ಕೇಳಲಿಲ್ಲ. ಸೀಟಿನ ಅನ್ಯಾಯ ನಿಜ. ಅದರ ಜಗಳ ಸಂಸತ್ತಿನಲ್ಲಿ ನಡೆಯಲಿ, ಹೆಂಗಸರ ಹೊಟ್ಟೆಯಲ್ಲಿ ಬೇಡ.

ಮುಂದಿನ ಸಲ ಮತ ಕೇಳಲು ಬಂದವರನ್ನು ತಡೆದು ಕೇಳಿ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್ ರಾತ್ರಿ ಇರುತ್ತಾರಾ? ವಂಕಿ, ಮಾತ್ರೆ ಸಿಗುತ್ತವಾ? ಹೋದ ವರ್ಷ ಎಷ್ಟು ಗಂಡಸರು ಆಪರೇಷನ್ ಮಾಡಿಸಿಕೊಂಡರು?