ಅಲೆ ಎಬ್ಬಿಸೋ ಬೋಟಿಗೆ ಸ್ಕೀ ಹಗ್ಗ ಯಾಕೆ?

ಎಲ್ಲಾ ಕೆಲಸಕ್ಕೂ ಆಗುತ್ತೆ ಅಂತ ಮಾರೋ ವಸ್ತು ಸಾಮಾನ್ಯವಾಗಿ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತೆ, ಉಳಿದವನ್ನು ಮಾಡಿದ ಹಾಗೆ ನಟಿಸುತ್ತೆ. ಸಾಫ್ಟ್‌ವೇರಿನಲ್ಲಿ ಹತ್ತು ವರ್ಷ ದುಡಿದ ಯಾರನ್ನಾದರೂ ಕೇಳಿ, ಹೌದು ಅಂತಾರೆ. ಅದೇ ಜನ ಶನಿವಾರ ಬೋಟ್ ಶೋರೂಮಿಗೆ ಕಾಲಿಟ್ಟ ಕೂಡಲೇ ಈ ಪಾಠ ಮರೆತುಬಿಡ್ತಾರೆ.

ಹೌದು, ಬೋಟ್ ಶೋರೂಮು. ನಗಬೇಡಿ. ಅಮೆರಿಕದ ಮಿನೆಸೋಟಾದಲ್ಲಿ ಇರೋರಿಗೆ ಇದು ಅಂಥ ದೊಡ್ಡ ಸುದ್ದಿಯಲ್ಲ. ಕಾರಿನ ನಂಬರ್ ಪ್ಲೇಟ್ ಮೇಲೇ ಹತ್ತು ಸಾವಿರ ಸರೋವರ ಅಂತ ಬರೆದುಕೊಂಡ ರಾಜ್ಯ ಅದು. ಪ್ರಾಜೆಕ್ಟ್ ಮೇಲೆ ಹೋಗಿ ನಾನು ಎರಡು ಬೇಸಿಗೆ ಅಲ್ಲಿ ಕಳೆದಿದ್ದೇನೆ. ಊರ ಕೆರೆಯಲ್ಲಿ ಈಜು ಕಲಿತವನು ಅಲ್ಲಿ ಒಂಟಿ ಸ್ಕೀ ಮೇಲೆ ನಿಲ್ಲೋದನ್ನು ಕಲಿತೆ. ಸ್ಕೀಗೆಂದೇ ಕಟ್ಟಿದ ಬೋಟಿನ ಹಿಂದೆಯೂ ಹೋಗಿದ್ದೇನೆ, ವೇಕ್‌ಸರ್ಫಿಂಗಿಗೆ ಕಟ್ಟಿದ ಬೋಟಿನ ಹಿಂದೆಯೂ ಹೋಗಿದ್ದೇನೆ. ಅದಕ್ಕೇ ಈ ಜಗಳ.

ಅಲ್ಲಿರುವ ನನ್ನ ಸ್ನೇಹಿತರು, ನಾಲ್ಕು ಕನ್ನಡದ ಸಂಸಾರಗಳು, ಈಗ ದುಡ್ಡು ಸೇರಿಸಿ ಒಂದು ಬೋಟು ಕೊಳ್ಳೋಕೆ ಹೊರಟಿದ್ದಾರೆ. ನೋಡಿಟ್ಟಿರೋದು ವೇಕ್‌ಸರ್ಫ್ ಬೋಟು. "ಅಲ್ಲ ಕಣಯ್ಯಾ, ನಿನ್ನ ಮಗಳು ಎರಡು ಸ್ಕೀ ಬಿಟ್ಟು ಒಂದಕ್ಕೆ ಬರ್ತಿದಾಳೆ, ಸ್ಲಾಲಮ್ ಕಲೀಬೇಕು ಅಂತಿದಾಳಲ್ಲ?" ಅಂತ ಕೇಳಿದೆ. "ಇದರ ಹಿಂದೇನೂ ಮಾಡಬಹುದಂತೆ, ಸ್ಕ್ರೀನಲ್ಲಿ ಸ್ಕೀ ಮೋಡ್ ಇದೆ" ಅಂದ. ಆ 'ಅಂತೆ' ಮೇಲೆಯೇ ನನ್ನ ತಕರಾರು.

ಸ್ಲಾಲಮ್ ಗೊತ್ತಿಲ್ಲದವರಿಗೆ ಎರಡು ಮಾತು. ನೀರಿನ ಮೇಲೆ 259 ಮೀಟರ್ ಉದ್ದದ ಒಂದು ಕೋರ್ಸು. ಬೋಟು ನಟ್ಟನಡುವೆ ನೇರವಾಗಿ ಓಡುತ್ತೆ. ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ, ಈ ಕಡೆ ಮೂರು ಆ ಕಡೆ ಮೂರು, ಒಟ್ಟು ಆರು ಚೆಂಡುಗಳು ತೇಲುತ್ತಿರುತ್ತವೆ. ಹಗ್ಗ ಹಿಡಿದವರು ಒಂಟಿ ಸ್ಕೀ ಮೇಲೆ ಒಂದೊಂದನ್ನೂ ಹೊರಗಿನಿಂದ ಬಳಸಿ ಬರಬೇಕು. ದೊಡ್ಡ ಸ್ಪರ್ಧೆಗಳಲ್ಲಿ ಬೋಟಿನ ಗರಿಷ್ಠ ವೇಗ ಗಂಡಸರಿಗೆ ಗಂಟೆಗೆ 58 ಕಿ.ಮೀ., ಹೆಂಗಸರಿಗೆ 55. ಅಲ್ಲಿಂದ ಮುಂದೆ ವೇಗ ಹೆಚ್ಚಿಸಲ್ಲ, ಹಗ್ಗ ಗಿಡ್ಡ ಮಾಡ್ತಾ ಹೋಗ್ತಾರೆ: 18.25 ಮೀಟರಿಂದ 16, ಆಮೇಲೆ 14.25, ಹೀಗೆ. 11.25ಕ್ಕೆ ಬಂದಾಗ ಹಗ್ಗವೇ ಚೆಂಡಿನ ದೂರಕ್ಕಿಂತ ಗಿಡ್ಡ. ಉಳಿದದ್ದನ್ನು ಮೈ ಚಾಚಿ ತಲುಪಬೇಕು. 58ರ ವೇಗದಲ್ಲಿ ಇಡೀ ಕೋರ್ಸು ಸುಮಾರು 16 ಸೆಕೆಂಡಿನಲ್ಲಿ ಮುಗಿದುಹೋಗುತ್ತೆ. ಅಷ್ಟರೊಳಗೆ ಬೋಟಿನ ಹಿಂದೆ ಏಳೋ ಅಲೆಯನ್ನು ಏಳು ಸಲ ಅಡ್ಡ ಸೀಳಿ ದಾಟಬೇಕು.

ಅಂದರೆ ಈ ಆಟದಲ್ಲಿ ಅಲೆ ಅನ್ನೋದು ಕಸ. ಸ್ಕೀ ಬೋಟು ಕಟ್ಟೋರು ತಲೆಮಾರುಗಳಿಂದ ತಲೆ ಕೆಡಿಸಿಕೊಂಡಿರೋದು ಆ ಕಸವನ್ನು ಕಡಿಮೆ ಮಾಡೋಕೆ. ತಳ ಚಪ್ಪಟೆ, ತೂಕ ಕಮ್ಮಿ, ಎಂಜಿನ್ನು ನಡುಮಧ್ಯೆ, ಹಗ್ಗ ಕಟ್ಟೋ ಗೂಟವೂ ನಡುವೆ, ತಗ್ಗಿನಲ್ಲಿ. ಬೋಟಿನ ನಡುವೆ ಎಂಜಿನ್ ಪೆಟ್ಟಿಗೆ ಕೂತಿರೋದರಿಂದ ಜನ ಕೂರೋಕೆ ಜಾಗ ಕಡಿಮೆ. ಆದರೆ ಬೋಟು ಹಾದುಹೋದ ಮೇಲೆ ನೀರು ಬೇಗ ಸುಮ್ಮನಾಗುತ್ತೆ.

ವೇಕ್‌ಸರ್ಫಿಂಗ್ ಇದರ ತದ್ವಿರುದ್ಧ. ಅಲ್ಲಿ ಹಗ್ಗ ಹಿಡಿದು ಎದ್ದು, ಆಮೇಲೆ ಹಗ್ಗವನ್ನೇ ಬಿಟ್ಟು, ಬೋಟು ಎಬ್ಬಿಸಿದ ಅಲೆಯ ಮೇಲೆ ಜಾರುತ್ತಾ ಹೋಗೋದು. ವೇಗ ಗಂಟೆಗೆ 16ರಿಂದ 19 ಕಿ.ಮೀ. ಅಷ್ಟೆ. ಇಲ್ಲಿ ಅಲೆಯೇ ಸರಕು. ಆದ್ದರಿಂದ ತಳ ಆಳ, ಎಂಜಿನ್ನು ಹಿಂದೆ, ಖಾಲಿ ತೂಕವೇ ಎರಡು ಟನ್ ಮೇಲೆ. ಅದು ಸಾಲದು ಅಂತ ಬ್ಯಾಲಾಸ್ಟ್ ಟ್ಯಾಂಕುಗಳಿಗೆ ಕೆರೆಯ ನೀರನ್ನೇ ತುಂಬಿಸಿಕೊಳ್ಳುತ್ತೆ. ನಮ್ಮ ಮನೆ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕನ್ನು ಹೊತ್ತುಕೊಂಡು ಓಡಿದ ಹಾಗೆ. ಎಷ್ಟೋ ಬೋಟುಗಳಲ್ಲಿ ಅದಕ್ಕಿಂತ ಹೆಚ್ಚು. ಮೂಗು ಮೇಲೆತ್ತಿ, ಹಿಂಭಾಗ ಹೂತು, ನೀರನ್ನು ಉತ್ತುಕೊಂಡು ಹೋಗುತ್ತೆ.

ನಮ್ಮೂರಲ್ಲಿ ಉಳೋಕೆ ನೇಗಿಲು, ಬಿತ್ತೋಕೆ ಕೂರಿಗೆ, ಕಳೆ ತೆಗೆಯೋಕೆ ಕುಂಟೆ. ಎಳೆಯೋದು ಅದೇ ಜೋಡೆತ್ತು. ಹಾಗಂತ ಕೂರಿಗೆ ಕಟ್ಟಿ ಬೀಳುಭೂಮಿ ಉಳೋಕೆ ಹೋದವರನ್ನು ನಾನು ನೋಡಿಲ್ಲ. ಎಳೆಯೋದು ಒಂದೇ ಆದಮಾತ್ರಕ್ಕೆ ಕೆಲಸ ಒಂದೇ ಆಗಲ್ಲ. ಅಲೆ ಇರಬಾರದು ಅನ್ನೋದು ಒಂದು ರಿಕ್ವೈರ್‌ಮೆಂಟು, ಅಲೆಯೇ ಬೇಕು ಅನ್ನೋದು ಇನ್ನೊಂದು. ಇವೆರಡನ್ನೂ ಒಂದೇ ತಳದಲ್ಲಿ ಕೊಡ್ತೀವಿ ಅನ್ನೋರಿಗೆ ನಮ್ಮ ಆಫೀಸಿನಲ್ಲಾದರೆ ಡಿಸೈನ್ ರಿವ್ಯೂನಲ್ಲೇ ಬಾಗಿಲು ತೋರಿಸ್ತೀವಿ. ಸ್ಕ್ರೀನ್ ಮೇಲಿನ ಬಟನ್ನು ನೀರನ್ನು ಖಾಲಿ ಮಾಡಬಹುದು, ತಳದ ಆಕಾರವನ್ನು ಬದಲಾಯಿಸೋಕಾಗಲ್ಲ.

ಇದಕ್ಕೆ ಬರೋ ಉತ್ತರ ನನಗೆ ಗೊತ್ತು. "ನಾವೇನು ಚಾಂಪಿಯನ್‌ಶಿಪ್ಪಿಗೆ ಹೋಗ್ಬೇಕಾ? ಮಕ್ಕಳು ಖುಷಿಗೆ ಆಡೋಕೆ ಇಷ್ಟು ಸಾಕು." ಕೇಳೋಕೆ ಬಹಳ ಸಮಂಜಸ. ಆದರೆ ಲೆಕ್ಕ ಉಲ್ಟಾ ಇದೆ. ಸಾಮಾನ್ಯವಾಗಿ ವೇಗ ಕಡಿಮೆಯಾದಷ್ಟೂ, ಹಗ್ಗ ಉದ್ದವಾದಷ್ಟೂ ದಾಟಬೇಕಾದ ಅಲೆ ದೊಡ್ಡದು. ಪಳಗಿದವರು ಗಿಡ್ಡ ಹಗ್ಗ ಹಿಡಿದು, ಬೋಟಿನ ಹತ್ತಿರ, ವೇಗವಾಗಿ ಹೋಗ್ತಾರೆ; ಅಲ್ಲಿ ಅಲೆ ಇನ್ನೂ ತಗ್ಗಿರುತ್ತೆ. ಉದ್ದ ಹಗ್ಗ, ಕಡಿಮೆ ವೇಗ ಯಾರದು? ಕಲಿಯೋರದು. ಅಂದರೆ ತಪ್ಪು ಬೋಟಿನ ಪೆಟ್ಟು ಮೊದಲು ಬೀಳೋದು ಚಾಂಪಿಯನ್ನಿಗಲ್ಲ, ಹನ್ನೆರಡು ವರ್ಷದ ಹುಡುಗಿಗೆ. ಅಲೆ ಅವಳನ್ನು ಗಾಳಿಗೆ ಎತ್ತಿ ಹಾಕುತ್ತೆ, ಮೊಣಕಾಲು ನಡುಗುತ್ತೆ, ಇಳಿಯುವಾಗ ಮುಖ ಮೊದಲು. ನಾಲ್ಕು ಸಲ ಹೀಗಾದ ಮೇಲೆ "ನನಗೆ ಇದು ಬರಲ್ಲಪ್ಪಾ" ಅಂತಾಳೆ. ಬಾರದೇ ಇರೋದು ಬೋಟಿಗೆ. ಅಪವಾದ ಮಾತ್ರ ಮಗುವಿನ ಮೇಲೆ.

ನ್ಯಾಯವಾಗಿ ಹೇಳಬೇಕಾದ್ದೂ ಇದೆ. ಸರ್ಫಿಂಗ್ ಮೇಲೆ ನನಗೆ ಹಗೆ ಇಲ್ಲ. ನಿಧಾನದ ಆಟ, ಬಿದ್ದರೂ ಪೆಟ್ಟು ಕಡಿಮೆ, ಐವತ್ತು ದಾಟಿದವರೂ ಆಡ್ತಾರೆ. ಹತ್ತು ಜನ ಕೂತು ಹರಟೆ ಹೊಡೀಬಹುದು. ಸರ್ಫ್ ಬೋಟಿನ ಹಿಂದೆ ಸ್ಕೀ ಮಾಡೋಕೆ ಆಗೋದೇ ಇಲ್ಲ ಅಂತಲೂ ನಾನು ಹೇಳ್ತಿಲ್ಲ. ಬ್ಯಾಲಾಸ್ಟ್ ಪೂರ್ತಿ ಖಾಲಿ ಮಾಡಿ, ಕೂತವರನ್ನು ಹಿಂದಿನಿಂದ ಎಬ್ಬಿಸಿ ಮುಂದೆ ಕೂರಿಸಿ, ಸಾಧ್ಯವಿದ್ದರೆ ಹಗ್ಗವನ್ನು ಮೇಲಿನ ಟವರಿಗೆ ಕಟ್ಟದೆ ತಗ್ಗಿನ ಗೂಟಕ್ಕೆ ಕಟ್ಟಿ, ಹಗ್ಗವನ್ನು ಒಂದೆರಡು ಹಂತ ಗಿಡ್ಡ ಮಾಡಿದರೆ, ಆಗಲೇ ಸ್ಕೀ ಬರೋರು ಒಂದು ಸಂಜೆ ಸಂತೋಷವಾಗಿ ಕಳೀಬಹುದು. ಇದನ್ನು 'ಸುಧಾರಿಸಿಕೊಳ್ಳೋದು' ಅನ್ನಿ, ಒಪ್ಕೋತೀನಿ. 'ಇದೂ ಸ್ಕೀ ಬೋಟೇ' ಅಂತ ಮಾತ್ರ ಅನ್ನಬೇಡಿ.

ಇಷ್ಟೇ ಆಗಿದ್ದರೆ ಇದು ನಾಲ್ಕು ಮನೆಯವರ ದುಡ್ಡಿನ ವಿಷಯ, ನನಗ್ಯಾಕೆ ಅಂತ ಸುಮ್ಮನಿರುತ್ತಿದ್ದೆ. ಆದರೆ ಅಲೆ ಬೋಟಿನ ಹಿಂದೆಯೇ ನಿಲ್ಲಲ್ಲ, ದಂಡೆಗೆ ಹೋಗುತ್ತೆ. ಕೆರೆ ಏರಿಯ ಒಳಮೈಗೆ ಕಲ್ಲು ಕಟ್ಟಿರೋದು ಯಾಕೆ ಅಂತ ನಮ್ಮೂರಿನ ಯಾರನ್ನು ಕೇಳಿದರೂ ಹೇಳ್ತಾರೆ: ಅಲೆ ಮಣ್ಣು ತಿನ್ನುತ್ತೆ. ಬರೀ ಗಾಳಿ ಎಬ್ಬಿಸೋ ಅಲೆಗೇ ಅಷ್ಟು ಹೆದರಿದ ಜನ ನಾವು. ಮಿನೆಸೋಟಾ ವಿಶ್ವವಿದ್ಯಾಲಯದ ಸೇಂಟ್ ಆಂಥನಿ ಫಾಲ್ಸ್ ಪ್ರಯೋಗಾಲಯ ನೀರಿಗಿಳಿದು ಅಳೆದು, 2022ರಲ್ಲಿ ವರದಿ ಕೊಟ್ಟಿತು. ಮಾಮೂಲಿ ಬೋಟು ದಂಡೆಯಿಂದ 200 ಅಡಿ ದೂರ ಇದ್ದರೆ ಸಾಕಾದ ಕಡೆ, ಸರ್ಫ್ ಅಲೆ ಎಬ್ಬಿಸೋ ಬೋಟು 500 ಅಡಿಗೂ ಹೆಚ್ಚು ದೂರ ಇರಬೇಕು ಅನ್ನೋದು ಅದರ ಸಾರ. ವರ್ಮಾಂಟ್ ರಾಜ್ಯವಂತೂ 2024ರಿಂದ ನಿಯಮವನ್ನೇ ತಂದಿತು: ದಂಡೆಯಿಂದ 500 ಅಡಿ ದೂರ, ಕನಿಷ್ಠ 20 ಅಡಿ ಆಳ. ಇನ್ನು ಬ್ಯಾಲಾಸ್ಟ್ ಟ್ಯಾಂಕಿನ ತಳದಲ್ಲಿ ಉಳಿಯೋ ನೀರು ಬೇರೆ. ಒಂದು ಸರೋವರದ ಜೀಬ್ರಾ ಮಸಲ್ ಮರಿಗಳು ಅದರಲ್ಲಿ ಕೂತು ಇನ್ನೊಂದು ಸರೋವರಕ್ಕೆ ಪ್ರಯಾಣ ಮಾಡಬಲ್ಲವು.

ತಮಾಷೆ ನೋಡಿ. ಈ ಆಟ ಹುಟ್ಟಿದ್ದೇ ಮಿನೆಸೋಟಾದಲ್ಲಿ. 1922ರಲ್ಲಿ ಲೇಕ್ ಪೆಪಿನ್ ಮೇಲೆ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಅನ್ನೋ 18ರ ಹುಡುಗ ಎರಡು ಹಲಗೆಗಳ ತುದಿ ಬಗ್ಗಿಸಿ, ಬೋಟಿಗೆ ಹಗ್ಗ ಕಟ್ಟಿಸಿ ನಿಂತು ತೋರಿಸಿದ. ಟಚ್‌ಸ್ಕ್ರೀನೂ ಇರಲಿಲ್ಲ, ಬ್ಯಾಲಾಸ್ಟೂ ಇರಲಿಲ್ಲ. ಈಗ ಅದೇ ನಾಡಿನಲ್ಲಿ, ಒಂದು ಲಕ್ಷ ಡಾಲರ್ ದಾಟೋ ಹೊಸ ಬೋಟಿನ ಹಿಂದೆ, ಒಂದು ಮಗು ಅದನ್ನು ಕಲಿಯೋದು ಕಷ್ಟವಾಗಿದೆ. ಎಲ್ಲರೂ 'ಎಲ್ಲದಕ್ಕೂ ಆಗೋ' ಬೋಟನ್ನೇ ಕೇಳ್ತಾ ಹೋದರೆ ಕಂಪನಿಗಳು ಅದನ್ನೇ ಕಟ್ಟುತ್ತವೆ, ಸ್ಕೀ ಬೋಟು ಬೆರಳೆಣಿಕೆಗೆ ಇಳಿಯುತ್ತೆ, ಸ್ಲಾಲಮ್ ಅನ್ನೋದು ಸ್ವಂತ ಕೊಳ ಇರೋ ಕ್ಲಬ್ಬಿನವರ ಆಟವಾಗುತ್ತೆ. ಯಾರೂ ನಿಷೇಧಿಸಬೇಕಿಲ್ಲ. ಕಲಿಯೋಕೆ ಜಾಗವಿಲ್ಲದೆ ಅದೇ ಸಾಯುತ್ತೆ.

ಹಾಗಾದರೆ ಏನು ಮಾಡೋದು? ಮೊದಲು ಮನೆಯಲ್ಲಿ ಕೂತು ಯಾವ ಆಟ ಅಂತ ತೀರ್ಮಾನ ಮಾಡಿ, ಆಮೇಲೆ ಶೋರೂಮಿಗೆ ಹೋಗಿ. ಸರ್ಫಿಂಗೇ ಬೇಕಾ? ಸರ್ಫ್ ಬೋಟೇ ತಗೊಳ್ಳಿ, ದಂಡೆಯಿಂದ ದೂರ ಇರಿ, ನೀರು ಆಳವಿರೋ ಕಡೆ ಹೋಗಿ, ಟ್ಯಾಂಕು ಒಣಗಿಸಿ. ಮಗು ಸ್ಲಾಲಮ್ ಕಲೀಬೇಕಾ? ಎಂಜಿನ್ನು ನಡುವೆ ಇರೋ ಹಳೇ ಸ್ಕೀ ಬೋಟು ಹುಡುಕಿ. ಹೊಸ ಸರ್ಫ್ ಬೋಟಿನ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತೆ. ಬಣ್ಣ ಮಾಸಿರುತ್ತೆ, ಸೀಟು ಹರಿದಿರುತ್ತೆ, ಫೋಟೋಗೆ ಚೆನ್ನಾಗಿ ಬರಲ್ಲ. ಆದರೆ ಅದು ಎಳೆದ ದಾರಿಯಲ್ಲಿ ಅಲೆ ತಗ್ಗಿರುತ್ತೆ.

ಎರಡೂ ಬೇಕು ಅನ್ನೋರಿಗೆ ನನ್ನ ಹತ್ತಿರ ಮೋಡ್ ಇಲ್ಲ. ಯಾವುದು ಬೇಡ ಅಂತ ನೀವು ಹೇಳದೇ ಹೋದರೆ, ನಿಮ್ಮ ಪರವಾಗಿ ಬೋಟೇ ಹೇಳುತ್ತೆ. ಅದನ್ನು ಕೇಳಿಸಿಕೊಳ್ಳೋದು ಸ್ಟೀರಿಂಗ್ ಹಿಡಿದ ನೀವಲ್ಲ, ಹಿಂದೆ ಹಗ್ಗ ಹಿಡಿದ ಮಗು.