ಮದುವೆಯಿಲ್ಲದ ಸಹಬಾಳ್ವೆ: ಕಾನೂನು ಕೊಡುವುದೆಷ್ಟು?

ಮಗಳು ಬೆಂಗಳೂರಿನಲ್ಲಿ ಯುವಕನೊಬ್ಬನೊಡನೆ ಆರು ವರ್ಷಗಳಿಂದ ಒಂದೇ ಮನೆಯಲ್ಲಿದ್ದಾಳೆ, ಮದುವೆಯಾಗಿಲ್ಲ. ನಾಳೆ ಅವನು ಕೈಬಿಟ್ಟರೆ ಅವಳ ಗತಿಯೇನು ಎಂದು ತಾಯಿಯೊಬ್ಬರು ನಮ್ಮನ್ನು ಕೇಳಿದ್ದಾರೆ. ವಿವಾಹಸಂಸ್ಕಾರದಲ್ಲಿ ನಮಗಿರುವ ಶ್ರದ್ಧೆ ವಾಚಕರಿಗೆ ತಿಳಿದದ್ದೇ. ಆದರೆ ಆ ತಾಯಿ ಉಪದೇಶವನ್ನು ಬೇಡಿಲ್ಲ. ಮಗಳಿಗಿರುವ ಆಸರೆಯನ್ನು ಕೇಳಿದ್ದಾರೆ.

ಪ್ರಾಪ್ತವಯಸ್ಕರಾದ ಗಂಡು ಹೆಣ್ಣು ಸ್ವಂತ ಇಚ್ಛೆಯಿಂದ ಕೂಡಿ ಬಾಳುವುದು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಸ್ಪಷ್ಟಪಡಿಸಿದೆ. ಪೊಲೀಸರನ್ನು ಕರೆದೊಯ್ದು ಮಗಳನ್ನು ಎಳೆತರುತ್ತೇವೆಂದು ಹೊರಡುವ ಹಿರಿಯರು ಇದನ್ನು ಅರಿತಿರಬೇಕು.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯಿದೆಯು ಹೆಂಡತಿಗಷ್ಟೇ ಅಲ್ಲ, ವಿವಾಹಸ್ವರೂಪದ ಸಂಬಂಧದಲ್ಲಿ ಬಾಳಿದ ಸ್ತ್ರೀಗೂ ಅನ್ವಯಿಸುತ್ತದೆ. ಹೊಡೆತ, ನಿಂದೆ, ಖರ್ಚಿಗೆ ಕೊಡದೆ ಕಾಡುವುದು, ಇವೆಲ್ಲವೂ ಹಿಂಸೆಯೇ. ಇವುಗಳಿಗೆ ಗುರಿಯಾದವಳು ತಾನಿದ್ದ ಮನೆಯಲ್ಲಿಯೇ ಇರುವ ಹಕ್ಕನ್ನೂ ಜೀವನಾಂಶವನ್ನೂ ಮ್ಯಾಜಿಸ್ಟ್ರೇಟರಲ್ಲಿ ಕೇಳಬಹುದು.

ಆದರೆ ಜೊತೆಯಲ್ಲಿದ್ದದ್ದೆಲ್ಲ ವಿವಾಹಸ್ವರೂಪವೆನಿಸದು. ಇಬ್ಬರೂ ಮದುವೆಗೆ ಅರ್ಹರಾಗಿರಬೇಕು, ಬಹುಕಾಲ ಕೂಡಿ ಬಾಳಿರಬೇಕು, ಲೋಕದೆದುರು ದಂಪತಿಗಳಂತೆಯೇ ನಡೆದುಕೊಂಡಿರಬೇಕು. ಇದು ಅದೇ 2010ರ ಮತ್ತೊಂದು ತೀರ್ಪು. ಇದರ ಕಠಿಣತೆ ತಿಳಿಯಬೇಕಾದರೆ ಬೆಂಗಳೂರಿನಿಂದಲೇ ದೆಹಲಿಯವರೆಗೆ ಹೋದ ಪ್ರಕರಣವೊಂದನ್ನು ನೋಡಬೇಕು. ಅವಿವಾಹಿತೆಯೊಬ್ಬಳು ಹೆಂಡತಿ ಮಕ್ಕಳಿದ್ದ ಸಹೋದ್ಯೋಗಿಯೊಡನೆ ವರ್ಷಗಟ್ಟಲೆ ಬಾಳಿದಳು. ಅವನು ಬಿಟ್ಟುಹೋದ ಮೇಲೆ ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಕೊಡಿಸಿದರು. ಸೆಷನ್ಸ್ ನ್ಯಾಯಾಲಯವೂ ಒಪ್ಪಿತು. ಹೈಕೋರ್ಟು ತಳ್ಳಿಹಾಕಿತು. 2013ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು: ಅವನು ವಿವಾಹಿತನೆಂದು ತಿಳಿದೇ ಅವಳು ಕೂಡಿದ್ದಳು, ಆದ್ದರಿಂದ ಅದು ವಿವಾಹಸ್ವರೂಪದ ಸಂಬಂಧವಲ್ಲ. ಇಂಥ ಸ್ತ್ರೀಯರ ವಿಷಯವಾಗಿ ಸಂಸತ್ತು ಯೋಚಿಸಬೇಕೆಂದೂ ನ್ಯಾಯಾಲಯವೇ ಹೇಳಿತು. ಆ ಪತ್ನಿಯ ನೋವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಇಬ್ಬರು ಹೆಂಗಸರು ಸೋತಲ್ಲಿ ಗಂಡಸು ಕಳೆದುಕೊಂಡದ್ದೇನು ಎಂಬ ಪ್ರಶ್ನೆ ನಮ್ಮನ್ನು ಬಿಡದು.

ಆಸ್ತಿಯ ಮಾತು ಬೇರೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ವೀರಶೈವ, ಲಿಂಗಾಯತರೆಂದು ಹೆಸರಿಸಿಯೇ ನಮಗೆ ಅನ್ವಯಿಸುತ್ತದೆ. ಅದರ ಪ್ರಥಮ ವರ್ಗದ ವಾರಸುದಾರರಲ್ಲಿ ಹೆಂಡತಿಯಿದ್ದಾಳೆ, ಸಹವಾಸಿನಿ ಇಲ್ಲ. ಬಹುಕಾಲ ಕೂಡಿ ಬಾಳಿದವರು ವಿವಾಹಿತರೇ ಎಂದು ನ್ಯಾಯಾಲಯ ಊಹಿಸುವುದುಂಟು. ಐವತ್ತು ವರ್ಷ ಬಾಳಿದ್ದ ದಂಪತಿಗಳ ವಿಷಯದಲ್ಲಿ 1978ರಲ್ಲಿ ಹಾಗೆಯೇ ತೀರ್ಮಾನವಾಯಿತು. ಆದರೆ ಮದುವೆಯಾಗಿಲ್ಲವೆಂದು ತಾವೇ ಹೇಳಿಕೊಂಡು ಬಾಳುವ ಇಂದಿನ ಜೋಡಿಗೆ ಆ ಊಹೆಯ ಆಸರೆ ಎಲ್ಲಿಯದು?

ಮಗು ಹುಟ್ಟಿದರೆ, ತಂದೆತಾಯಿಗಳಿಗೆ ಮದುವೆಯಾಗಿರಲಿ ಬಿಡಲಿ, ಅಪ್ರಾಪ್ತ ಮಗುವಿನ ಪೋಷಣೆಗೆ ತಂದೆ ಹೊಣೆ. ಇದರಲ್ಲಿ ವಿವಾದವಿಲ್ಲ.

ಆದ್ದರಿಂದ ಆ ತಾಯಿಗೆ ನಮ್ಮ ಸೂಚನೆ ಇಷ್ಟು. ಇಬ್ಬರೂ ಅವಿವಾಹಿತರೆಂಬುದು ಖಚಿತವಾಗಿರಲಿ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ. ಮನೆ ಕೊಳ್ಳುವಾಗ ಮಗಳು ಹಣ ಹಾಕಿದರೆ ಕ್ರಯಪತ್ರದಲ್ಲಿ ಅವಳ ಹೆಸರು ಬರಲೇಬೇಕು. ಬ್ಯಾಂಕಿನಲ್ಲಿ ನಾಮಿನಿಯಾದ ಮಾತ್ರಕ್ಕೆ ಹಣ ಅವಳದಾಗದು; ಸ್ವಯಾರ್ಜಿತಕ್ಕೆ ಇಬ್ಬರು ಸಾಕ್ಷಿಗಳ ಸಹಿಯಿರುವ ಉಯಿಲು ಬೇಕು. ತೊಂದರೆ ಬಂದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಅಲ್ಲಿ ಸ್ತ್ರೀಯರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.